ಖುದ್ದಾಗಿ ವಿಚಾರಿಸಿಕೊಳ್ಳುವವರು

ಒಂದು ಸಭೆಗೆ ಏನೇನು ಖರ್ಚಾಗುತ್ತದೆ ಎಂಬುದು ಭಾಷಣ ಮಾಡುವವರಿಗಿಂತ ಮೈಕ್‌ಸೆಟ್ಟಿನವನಾದ ನನಗೆ ಚೆನ್ನಾಗಿ ಗೊತ್ತು. ಕುರ್ಚಿ ಒಂದಕ್ಕೆ ಹತ್ತರಂತೆ ಇನ್ನೂರು ಕುರ್ಚಿಗೆ ಎರಡು ಸಾವಿರ. ಹಲಗೆ ಜೋಡಿಸಿದ ವೇದಿಕೆ, ಮೇಲಿನ ಕೆಂಪು ಹಾಸು ಸೇರಿ ಮೂರು ಸಾವಿರ. ಬ್ಯಾನರಿಗೆ ಒಂದೂವರೆ; ಅದರಲ್ಲಿ ಭಾಷಣಕಾರರ ಮುಖ ಬೆಳ್ಳಗೆ ಮಾಡಿಕೊಟ್ಟಿದ್ದು ಪುಕ್ಕಟೆ. ನೀರಿನ ಬಾಟಲಿ ಎಂಟುನೂರು. ಮುಂದಿನ ಎರಡು ಸಾಲಿನಲ್ಲಿ ಕೂತು ಸನ್ನೆ ಸಿಕ್ಕಾಗ ಚಪ್ಪಾಳೆ ತಟ್ಟುವ ಮೂವತ್ತು ಜನಕ್ಕೆ ತಲೆಗೆ ಇನ್ನೂರರಂತೆ ಆರು ಸಾವಿರ. ನನ್ನ ಮೈಕು, ನಾಲ್ಕು ಬಾಕ್ಸು, ವೈರು, ನಾನು, ಎಲ್ಲ ಸೇರಿ ಎರಡೂವರೆ. ಭಾಷಣ ಬರೆದು, ಅದನ್ನು ಹೇಗೆ ಹೇಳಬೇಕೆಂದು ಕಲಿಸಲು ದೊಡ್ಡ ಊರಿನಿಂದ ಬಂದ ಮೇಷ್ಟರಿಗೆ ಇಪ್ಪತ್ತೈದು ಸಾವಿರ. ಒಟ್ಟು ನಲವತ್ತು ಸಾವಿರದ ಎಂಟುನೂರು. ಮೇಷ್ಟರ ಕಾರಿನ ಬಾಡಿಗೆ ಬೇರೆ.

ಇಷ್ಟೆಲ್ಲ ಸುರಿದಿದ್ದು ಹಳೇ ಮಾರುಕಟ್ಟೆಯ ಅರವತ್ತು ಅಂಗಡಿಯವರು ಕೈ ಎತ್ತಲಿ ಎಂದು. ಅವರು ಎತ್ತಿದರೆ ಮಾರುಕಟ್ಟೆ ಒಡೆದು ಮೂರು ಮಹಡಿಯ ಕಟ್ಟಡ ಎಬ್ಬಿಸುವ ಕೆಲಸ ಗುತ್ತಿಗೆದಾರನ ಪಾಲಾಗುತ್ತಿತ್ತು. ಅಂಗಡಿಯವರಲ್ಲಿ ಹೆಚ್ಚಿನವರು ತುಂಬಿದ ಸಭೆಯಲ್ಲಿ ಒಪ್ಪದೆ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸಬಾರದೆಂದು ನಗರಸಭೆ ಕಟ್ಟುನಿಟ್ಟಾಗಿ ಹೇಳಿತ್ತು. ಅದೇ ಗುತ್ತಿಗೆದಾರ ಮುಂದಿನ ತಿಂಗಳ ಚುನಾವಣೆಗೂ ನಿಂತಿದ್ದ. ಊರಿನ ಅರ್ಧ ರಸ್ತೆಗೆ ಜಲ್ಲಿ ಹಾಕಿದವನು, ಇನ್ನರ್ಧ ರಸ್ತೆಗೆ ಹಾಕದೆಯೇ ಬಿಲ್ಲು ಪಡೆದವನು. ಎದುರಿಗೆ ಸಾಹೇಬರು ಎನ್ನುತ್ತಿದ್ದೆವು, ಬೆನ್ನ ಹಿಂದೆ ಜಲ್ಲಿ.

ಆ ಅರವತ್ತು ಅಂಗಡಿಯಲ್ಲಿ ಒಂದು ನನ್ನ ತಂಗಿಯದು. ಆರಡಿ ಅಗಲದ ಜಾಗ, ಒಂದು ಹೊಲಿಗೆ ಮೆಷಿನ್ನು, ಗೋಡೆಗೆ ಒಂದು ಕನ್ನಡಿ. ಗಂಡ ತೀರಿಕೊಂಡ ಮೇಲೆ ಹದಿನೇಳು ವರ್ಷ ಅಲ್ಲಿಯೇ ಕೂತು ಮಗಳನ್ನು ಓದಿಸಿದಳು. ಹೊಸ ಕಟ್ಟಡದ ನಕ್ಷೆಯಲ್ಲಿ ರಸ್ತೆಯ ಮಟ್ಟದಲ್ಲಿ ಬಟ್ಟೆ ಷೋರೂಮು, ಮೇಲೆ ಮೊಬೈಲಿನವರು, ಮೂರನೇ ಮಹಡಿಯ ಮೂಲೆಯಲ್ಲಿ ಹೊಲಿಗೆಯವರು, ಬೀಗದವರು, ಗಡಿಯಾರ ರಿಪೇರಿಯವರು. ಅಲ್ಲಿಗೆ ಹತ್ತಿಸಿದರೆ ತಂಗಿಯ ಕಸುಬು ಮುಗಿದ ಹಾಗೆಯೇ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಅವನ ಸಭೆಗೆ ನೀನೇ ಮೈಕ್ ಕಟ್ತೀಯಾ ಅಣ್ಣಾ?" ಎಂದು ಕೇಳಿದ್ದಳು.

"ನಾನು ಕಟ್ಟದಿದ್ರೆ ಬಸ್‌ಸ್ಟ್ಯಾಂಡ್ ಹತ್ರದವನು ಕಟ್ತಾನೆ. ನಾನಿದ್ರೆ ನಿನ್ನ ಸರದಿ ಬಂದಾಗ ಮೈಕಾದ್ರೂ ಕೆಲಸ ಮಾಡುತ್ತೆ," ಎಂದೆ.

ವ್ಯಾಪಾರಿಗಳ ಸಂಘದ ಅಧ್ಯಕ್ಷ ಬೀಗ ರಿಪೇರಿಯವನು. ಎರಡೂ ಕಡೆಯವರು ಮಾತಾಡಲಿ, ಆಮೇಲೆ ಕೈ ಎಣಿಸೋಣ ಎಂದು ಅವನು ಹಟ ಹಿಡಿದಿದ್ದ. ಬೇಡ ಎನ್ನುವವರ ಪರವಾಗಿ ಮಾತಾಡಲು ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅದು ತಂಗಿಯ ತಲೆಗೆ ಬಂತು.

ಸಭೆಯ ದಿನ ಮಧ್ಯಾಹ್ನ ಮಾರುಕಟ್ಟೆಯ ನಡುವಿನ ಕಟ್ಟೆಯ ಬಳಿ ಬಾಕ್ಸು ಇಡುತ್ತಿದ್ದೆ. ಮೇಷ್ಟರು ಬಂದರು. ತೆಳ್ಳಗಿನ ಆಳು, ಕುತ್ತಿಗೆಗೆ ಶಾಲಿನಂಥದ್ದೊಂದು ಬಟ್ಟೆ, ಕೈಯಲ್ಲಿ ಬಣ್ಣಬಣ್ಣದ ಗೆರೆ ಎಳೆದ ಕಾಗದ. ಹಿಂದೆಯೇ ಜಲ್ಲಿ.

"ಬಾಸ್ ಸಾಲದು. ಆ ದಪ್ಪ ಸದ್ದು ಇನ್ನೂ ಏರಿಸು," ಎಂದರು ಮೇಷ್ಟರು. "ಧ್ವನಿಗೆ ತೂಕ ಬೇಕು. ಎಕೋನೂ ಹಾಕು."

"ಎಕೋ ಬೇಡ ಸಾರ್. ಮೇಲೆ ತಗಡಿನ ಸೂರು. ಒಂದು ಮಾತಿನ ಮೇಲೆ ಇನ್ನೊಂದು ಮಾತು ಬೀಳುತ್ತೆ. ಬಾಸ್ ಜಾಸ್ತಿಯಾದ್ರೆ ಒಳ್ಳೇ ಮಾತೂ ಗದರಿಸಿದ ಹಾಗೆ ಕೇಳುತ್ತೆ."

ಮೇಷ್ಟರು ನನ್ನ ಚಪ್ಪಲಿಯನ್ನು ನೋಡಿದರು. ಉತ್ತರ ಜಲ್ಲಿ ಕೊಟ್ಟ.

"ಲೋ, ನೀನು ವೈರ್ ಎಳೆಯೋನು. ವೈರ್ ಎಳಿ. ಭಾಷಣದ ವಿಷಯ ನಮಗೆ ಬಿಡು."

ಸರಿ ಎಂದೆ. ಹೇಳಿದಷ್ಟು ಏರಿಸಿದೆ. ಆಮೇಲೆ ಅವರಿಬ್ಬರೂ ಬೆರಳು ಅಭ್ಯಾಸ ಮಾಡಿದರು. ಹೌದು, ಬೆರಳು. ಭಾಷಣದ ಕೊನೆಯ ಸಾಲಿಗೆ ಮುಂಚೆ ನಿಲ್ಲಬೇಕು, ಮನಸ್ಸಿನಲ್ಲಿ ಮೂರು ಎಣಿಸಬೇಕು, ತೋರುಬೆರಳು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ನಿಧಾನವಾಗಿ ಹರಿಯಬೇಕು.

"ಪ್ರತಿಯೊಬ್ಬನಿಗೂ ನನಗೇ ಹೇಳ್ತಿದಾರೆ ಅನ್ನಿಸಬೇಕು. ಬಾಯಿಗಿಂತ ಮೊದಲು ಕಣ್ಣು ಮಾತಾಡಬೇಕು," ಎಂದರು ಮೇಷ್ಟರು.

"ಸಾಲು ಒಂದ್ಸಲ ಹೇಳ್ಲಾ?"

"ಬೇಡ. ಅದನ್ನ ಜನರ ಮುಂದೇನೇ ಬಿಡಿ. ಬಿಸಿಬಿಸಿಯಾಗಿರಲಿ."

ಮೂವತ್ತೊಂದು ವರ್ಷದಿಂದ ನಾನು ಈ ಜಾತಿಯವರ ಹಿಂದೆ ಕೂತಿದ್ದೇನೆ. ಬೆರಳು ಕಲಿತವರು, ಕಣ್ಣೀರು ಕಲಿತವರು, ಬಡತನ ಕಲಿತವರು, ಎಲ್ಲರನ್ನೂ ನೋಡಿದ್ದೇನೆ. ಭಾಷಣ ಹತ್ತಿತೋ ಬಿತ್ತೋ ತಿಳಿಯಲು ನಾನು ವೇದಿಕೆಯತ್ತ ನೋಡುವುದೇ ಇಲ್ಲ. ಹಿಂದೆ ಸೈಕಲ್ಲಿಗೆ ಒರಗಿ ನಿಂತವರ ಕಾಲು ನೋಡುತ್ತೇನೆ. ಮಾತು ಒಳಗಿಳಿಯುತ್ತಿದ್ದರೆ ಎರಡೂ ಕಾಲು ನೆಲದ ಮೇಲಿರುತ್ತವೆ. ಇಲ್ಲದಿದ್ದರೆ ಒಂದು ಪೆಡಲ್ಲಿಗೆ ಹೋಗುತ್ತದೆ. "ಕೊನೆಯದಾಗಿ ಒಂದು ಮಾತು" ಎಂದು ಭಾಷಣಕಾರ ಮೂರನೇ ಸಲ ಹೇಳುವಷ್ಟರಲ್ಲಿ ಸೈಕಲ್ಲೂ ಇರುವುದಿಲ್ಲ, ಸವಾರನೂ ಇರುವುದಿಲ್ಲ.

ಸಂಜೆ ಐದಕ್ಕೆ ಸಭೆ ಶುರುವಾಯಿತು. ಮೊದಲು ತಂಗಿಯನ್ನು ಕರೆದರು. ಒಳ್ಳೇ ಸೀರೆ ಉಟ್ಟುಕೊಂಡು, ಮಗಳು ಬರೆದುಕೊಟ್ಟ ಕಾಗದ ಹಿಡಿದು ಬಂದಳು. ಹದಿನೇಳು ವರ್ಷ ಇದೇ ಮಾರುಕಟ್ಟೆಯಲ್ಲಿ ಬಾಯಿಗೆ ಬಂದಿದ್ದನ್ನು ಆಡಿ, ಗಿರಾಕಿಯ ಸೊಂಟ, ಗಿರಾಕಿಯ ಸಂಸಾರ ಎರಡನ್ನೂ ಅಳೆದವಳು ಮೈಕಿನ ಮುಂದೆ ನಿಂತು ಏನಂದಳು ಗೊತ್ತೆ?

"ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ..."

ಜನ್ಮದಲ್ಲಿ ಅವಳು ಯಾರನ್ನೂ ಆಸೀನ ಮಾಡಿದವಳಲ್ಲ. ಕೂತ್ಕೊಳ್ಳಿ ಎನ್ನುತ್ತಿದ್ದಳು, ಅದೂ ಸ್ಟೂಲಿನ ಮೇಲಿನ ಬಟ್ಟೆ ಎತ್ತಿ ಪಕ್ಕಕ್ಕೆ ಎಸೆದು. ಕಾಗದದಲ್ಲಿ ಸಣ್ಣ ವ್ಯಾಪಾರಿಗಳ ಅಸ್ತಿತ್ವ ಇತ್ತು, ಸಮಗ್ರ ಹಿತದೃಷ್ಟಿ ಇತ್ತು. ಅವಳು ಮಾತ್ರ ಇರಲಿಲ್ಲ. ಬಾಸಿನ ಗುಡುಗಿನಲ್ಲಿ ಅವಳ ತೆಳ್ಳನೆಯ ಧ್ವನಿ ಡಬ್ಬದೊಳಗೆ ಬಿದ್ದ ಕೋಳಿಮರಿಯಂತೆ ಕೇಳುತ್ತಿತ್ತು. ಬೇಗ ಬೇಗ ಬಾಸ್ ಇಳಿಸಿದೆ, ಎಕೋ ತೆಗೆದೆ. ಏನೂ ಉಪಯೋಗವಾಗಲಿಲ್ಲ. ಆಸೀನ ಎನ್ನುವ ಮಾತನ್ನು ಸರಿಪಡಿಸುವ ಗುಂಡಿ ಯಾವ ಮೈಕ್‌ಸೆಟ್ಟಿನಲ್ಲೂ ಇಲ್ಲ. ಸೈಕಲ್ಲಿನವರ ಕಾಲು ಪೆಡಲ್ಲಿಗೆ ಹೋದವು. ಐದು ನಿಮಿಷಕ್ಕೆ ಮುಗಿಸಿ, ಬೆವರಿನಲ್ಲಿ ಒದ್ದೆಯಾದ ಕಾಗದ ಮುದುರಿಕೊಂಡು ಕೆಳಗಿಳಿದಳು.

ಜಲ್ಲಿ ಎದ್ದ. ಮೇಷ್ಟರು ನನ್ನತ್ತ ಕಣ್ಣು ಹಾಯಿಸಿದರು. ನಾನು ಮತ್ತೆ ಬಾಸನ್ನೂ ಎಕೋವನ್ನೂ ಅವರು ಹೇಳಿದ ಜಾಗಕ್ಕೇ ತಂದಿಟ್ಟೆ.

ಇದ್ದದ್ದು ಇದ್ದಂತೆ ಹೇಳಬೇಕು: ಮೊದಲ ಅರ್ಧ ಗಂಟೆ ಅವನ ಭಾಷಣ ಕೆಟ್ಟದಾಗಿರಲಿಲ್ಲ. ಸುಳ್ಳಾಗಿತ್ತು, ಅಷ್ಟೇ. ತಾನು ಹುಡುಗನಾಗಿದ್ದಾಗ ಇದೇ ಮಾರುಕಟ್ಟೆಯಲ್ಲಿ ತಾಯಿಯ ಕೈ ಹಿಡಿದು ನಡೆದೆ ಎಂದ. ಅವನು ಹುಟ್ಟಿ ಬೆಳೆದಿದ್ದು ಇಲ್ಲಿಂದ ಇನ್ನೂರು ಮೈಲಿ ಆಚೆ. ಸೋರುವ ಸೂರಿನ ಬಗ್ಗೆ ಹೇಳಿದ, ಕೆಟ್ಟ ಶೌಚಾಲಯದ ಬಗ್ಗೆ ಹೇಳಿದ. ಅದು ನಿಜವಾದ್ದರಿಂದ ಜನ ತಲೆದೂಗಿದರು. ಕೂಲಿ ಚಪ್ಪಾಳೆಯ ಜೊತೆ ನಾಲ್ಕಾರು ಪುಕ್ಕಟೆ ಚಪ್ಪಾಳೆಯೂ ಸೇರಿತು. ಗಡಿಯಾರದವನು ಪಕ್ಕದವನಿಗೆ, "ಲಿಫ್ಟ್ ಹಾಕ್ತಾರಂತೆ ಕಣಯ್ಯಾ," ಎಂದ. ನನ್ನ ಲೆಕ್ಕಕ್ಕೆ ಆ ಹೊತ್ತಿಗೆ ಅವನ ಕಡೆಗೆ ಮೂವತ್ತೈದು ಕೈ ಖಂಡಿತ ಇದ್ದವು. ಮೂರನೇ ಸಾಲಿನಲ್ಲಿ ತಂಗಿ ನೆಲ ನೋಡುತ್ತ ಕೂತಿದ್ದಳು.

ಅಲ್ಲಿಗೇ ನಿಲ್ಲಿಸಿದ್ದರೆ ಅವನು ಗೆದ್ದಿದ್ದ. ಆದರೆ ಇಪ್ಪತ್ತೈದು ಸಾವಿರ ಕೊಟ್ಟು ಕಲಿತ ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ?

"ಕೊನೆಯದಾಗಿ ಒಂದು ಮಾತು," ಎಂದ. ನಿಂತ. ಒಂದು, ಎರಡು, ಮೂರು. ಕಣ್ಣು ಕಿರಿದು ಮಾಡಿದ. ಬೆರಳು ಎತ್ತಿ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಬ್ಬೊಬ್ಬರ ಮುಖದ ಮೇಲೂ ಹಾಯಿಸಿದ. ಆಮೇಲೆ, ಧ್ವನಿಯನ್ನು ಪಾತಾಳಕ್ಕೆ ಇಳಿಸಿ ಹೇಳಿದ:

"ಈ ಮಾರುಕಟ್ಟೆಯ ಒಬ್ಬೊಬ್ಬರನ್ನೂ ನಾನು ಖುದ್ದಾಗಿ ವಿಚಾರಿಸ್ಕೊಳ್ತೀನಿ!"

ತಗಡಿನ ಸೂರು ಅದನ್ನು ಹಿಡಿದು ತಿರುಗಿಸಿ ಎಸೆಯಿತು. ಕೊಳ್ತೀನಿ... ಳ್ತೀನಿ... ತೀನಿ...

ಮನೆಗೆ ಬಂದವರನ್ನು ಚೆನ್ನಾಗಿ ವಿಚಾರಿಸಿಕೊಂಡರು ಎನ್ನುತ್ತೇವೆ. ಸಂಜೆ ಸಿಗು, ವಿಚಾರಿಸ್ಕೊಳ್ತೀನಿ ಎಂದೂ ಹಲ್ಲು ಕಡಿಯುತ್ತೇವೆ. ಮಾತು ಒಂದೇ. ಊಟಕ್ಕೋ ಏಟಿಗೋ ಎಂಬುದನ್ನು ಧ್ವನಿಯಿಂದಲೂ ಮುಖದಿಂದಲೂ ತಿಳಿಯಬೇಕು. ನಗುತ್ತ, ಕೈ ಜೋಡಿಸಿ, ಮಾಮೂಲಿ ಗಂಟಲಿನಲ್ಲಿ ಹೇಳಿದ್ದರೆ ಅದು ತಾಯಿಯ ಮಾತಾಗುತ್ತಿತ್ತು. ಕಾಗದದ ಮೇಲೆ ಬರೆದು ಬಣ್ಣದ ಗೆರೆ ಎಳೆದ ಮೇಷ್ಟರಿಗೆ ಇದು ಹೊಳೆದಿರಲಿಲ್ಲ.

ಕೂಲಿಯವರಿಗೂ ಚಪ್ಪಾಳೆ ಮರೆತುಹೋಯಿತು. ಹಿಂದಿನಿಂದ ಒಂದು ಹೆಂಗಸಿನ ಧ್ವನಿ ಕೇಳಿತು.

"ಏನಂದ್ರೀ ಅದು? ತಿಂತೀನಿ ಅಂದ್ರಾ?"

ಬೀಗದವನು ನಿಧಾನವಾಗಿ ಎದ್ದು ನಿಂತ. "ಅಲ್ಲಾ ಸಾಹೇಬ್ರೇ, ನಾವು ಅಂಥಾ ತಪ್ಪು ಏನ್ ಮಾಡಿದ್ವಿ? ಇನ್ನೂ ಕೈಯೇ ಎತ್ತಿಲ್ಲ, ಆಗ್ಲೇ ವಿಚಾರಿಸ್ಕೊಳ್ತೀನಿ ಅಂತೀರಲ್ಲಾ?"

"ಏಯ್, ಹಾಗಲ್ಲಪ್ಪಾ," ಎಂದ ಜಲ್ಲಿ. ಬೆರಳು ಇನ್ನೂ ಕೆಳಗಿಳಿದಿರಲಿಲ್ಲ. "ನೀವು ಅಂದ್ಕೊಂಡ ಹಾಗಲ್ಲ. ಒಳ್ಳೇ ರೀತೀಲೇ ವಿಚಾರಿಸ್ಕೊಳ್ತೀನಿ."

"ಒಳ್ಳೇ ರೀತಿ ಅಂದ್ರೆ?"

"ಅಂದ್ರೆ... ನೀವಷ್ಟೇ ಅಲ್ಲ. ನಿಮ್ಮ ಹೆಂಡ್ತಿ ಮಕ್ಕಳನ್ನೂ ವಿಚಾರಿಸ್ಕೊಳ್ತೀನಿ! ಯಾರನ್ನೂ ಬಿಡಲ್ಲ!"

ಬಿಡಲ್ಲ... ಡಲ್ಲ... ಅಲ್ಲ...

ನನ್ನ ಕೈ ಗುಂಡಿಯ ಮೇಲೇ ಇತ್ತು. ಬಾಸ್ ಇಳಿಸಿ ಎಕೋ ಕಿತ್ತಿದ್ದರೆ ಅವನು ಮನುಷ್ಯನ ಧ್ವನಿಯಲ್ಲಿ ಎರಡು ಮಾತು ಹೇಳಿ ಬದುಕಿಕೊಳ್ಳುತ್ತಿದ್ದ. ಮೇಷ್ಟರು ದೂರದಿಂದ ಕೈ ಬೀಸಿ ಏನೋ ಸನ್ನೆ ಮಾಡುತ್ತಿದ್ದರು. ನಾನು ವೈರಿನ ಕಡೆ ನೋಡುತ್ತ ಕೂತೆ. ಎಳೆಯುವವನ ಕೆಲಸ ಅಷ್ಟೇ ತಾನೆ.

"ಯಾರನ್ನೂ ಬಿಡಲ್ವಂತೆ!" ಎಂದು ಗಡಿಯಾರದವನು ನಗತೊಡಗಿದ. ನಗು ಒಂದೊಂದೇ ಸಾಲು ಹಿಂದಕ್ಕೆ ಹೋಯಿತು. ಆಗ ತಂಗಿ ಎದ್ದಳು. ವೇದಿಕೆಗೆ ಬರಲಿಲ್ಲ, ಮೈಕ್ ಕೇಳಲಿಲ್ಲ. ಕಾಗದ ಕುರ್ಚಿಯ ಮೇಲೆಯೇ ಬಿದ್ದಿತ್ತು.

"ವಿಚಾರಿಸ್ಕೊಳ್ಳೋದು ಆಮೇಲಾಯ್ತು ಸಾಹೇಬ್ರೇ. ಮೂರನೇ ಮಹಡೀಗೆ ನನ್ನ ಮೆಷಿನ್ ಯಾರು ಹೊರ್ತಾರೆ?"

"ಲಿಫ್ಟ್ ಇರುತ್ತಮ್ಮಾ."

"ನಗರಸಭೆ ಕಟ್ಟಡ ಕಟ್ಟಿಸಿದ್ದೂ ನೀವೇ ಅಲ್ವಾ? ಅಲ್ಲಿ ಲಿಫ್ಟಿನೊಳಗೆ ಪೊರಕೆ ಬಕೆಟ್ ಇಟ್ಟವ್ರೆ. ಐದು ವರ್ಷದಿಂದ ಬಕೆಟ್ ಒಂದೂ ಮೇಲಕ್ಕೆ ಹೋಗಿಲ್ಲ."

ಜನ ಹೋ ಎಂದರು. ಅವಳು ಈಗ ಜಲ್ಲಿಯನ್ನು ಬಿಟ್ಟು ಅಂಗಡಿಯವರತ್ತ ತಿರುಗಿದಳು.

"ನೀವೇ ಹೇಳ್ರಪ್ಪಾ. ನನ್ನ ಹತ್ರ ಬರೋರು ಯಾರು? ಪ್ಯಾಂಟ್ ಹರಿದೋರು. ಹಿಂದೆ ಕೈ ಮುಚ್ಕೊಂಡು ಬರ್ತಾರೆ. ಹಂಗೆ ಕೈ ಮುಚ್ಕೊಂಡು ಮೂರು ಮಹಡಿ ಹತ್ತಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಏ ಬೀಗದಣ್ಣಾ, ಬೀಗದ ಕೈ ಕಳ್ಕೊಂಡೋನು ರಸ್ತೇಲಿ ನಿನ್ನ ಬೋರ್ಡ್ ನೋಡಿ ಬರ್ತಾನೋ, ಆಕಾಶ ನೋಡ್ಕೊಂಡು ಬರ್ತಾನೋ?"

ಅಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಸೈಕಲ್ಲಿನವರ ಎರಡೂ ಕಾಲು ನೆಲದ ಮೇಲಿದ್ದವು.

ಬೀಗದವನು ಕೈ ಎಣಿಸಿದ. ಒಡೆಯಲಿ ಎಂದವರು ಹದಿನಾಲ್ಕು. ಬೇಡ ಎಂದವರು ನಲವತ್ಮೂರು. ಮೂವರು ಕೈಯನ್ನು ಅರ್ಧ ಎತ್ತಿ ತಲೆ ಕೆರೆದುಕೊಂಡರು, ಅವರನ್ನು ಯಾವ ಕಡೆಗೂ ಸೇರಿಸಲಿಲ್ಲ. ಆ ನಲವತ್ಮೂರರಲ್ಲಿ ತಂಗಿಯ ಮಾತು ಅರ್ಥವಾಗಿ ಎತ್ತಿದವರೆಷ್ಟು, ಏಟಿಗೆ ಹೆದರಿ ಎತ್ತಿದವರೆಷ್ಟು, ಎಲ್ಲರೂ ನಗುತ್ತಿದ್ದಾರೆಂದು ತಾವೂ ಎತ್ತಿದವರೆಷ್ಟು ಎಂದು ನನ್ನನ್ನು ಕೇಳಬೇಡಿ. ಅರ್ಧ ಗಂಟೆ ಮುಂಚೆ ಲಿಫ್ಟಿಗೆ ತಲೆದೂಗಿದ ಗಡಿಯಾರದವನೂ ಎರಡು ಕೈ ಎತ್ತಿದ್ದ. ಒಂದು ಇಳಿಸಲು ಬೀಗದವನು ಗದರಬೇಕಾಯಿತು.

ವೈರು ಸುತ್ತುತ್ತಿದ್ದಾಗ ಮೇಷ್ಟರು ಬಂದರು.

"ಭಾಷಣ ಅದ್ಭುತವಾಗಿತ್ತು. ಮೈಕ್ ಹಾಳು ಮಾಡ್ತು," ಎಂದರು.

"ನೀವು ಹೇಳಿದ ಜಾಗಕ್ಕೇ ಇಟ್ಟಿದ್ದೆ ಸಾರ್. ಬೇಕಿದ್ರೆ ನೋಡಿ, ಗುಂಡಿ ಇನ್ನೂ ಅಲ್ಲೇ ಇದೆ."

ನೋಡಲಿಲ್ಲ. ಜಲ್ಲಿಯ ಹತ್ತಿರ ಹೋಗಿ, ಈ ಊರಿನ ಜನಕ್ಕೆ ಭಾಷೆಯ ಸೂಕ್ಷ್ಮ ಗೊತ್ತಿಲ್ಲ ಎಂದು ವಿವರಿಸತೊಡಗಿದರು. ಜಲ್ಲಿ ಹೌದು ಹೌದು ಎಂದು ತಲೆ ಆಡಿಸುತ್ತಿದ್ದ. ಅವನನ್ನು ನೋಡಿ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಅವನು ನಿಜವಾಗಿಯೂ ಯಾರನ್ನೂ ಹೊಡೆಯುವವನಲ್ಲ. ಬರೀ ಕದಿಯುವವನು.

ತಂಗಿ ಬಾಕ್ಸು ಎತ್ತಲು ಕೈ ಕೊಟ್ಟಳು. "ಮೊದಲನೇ ಸಲ ಹೇಗಿತ್ತು ಅಣ್ಣಾ, ಕಾಗದ ಓದಿದ್ದು?"

"ಥೂ," ಎಂದೆ.

"ನಂಗೂ ಹಂಗೇ ಅನ್ನಿಸ್ತು," ಎಂದು ನಕ್ಕಳು.

ಜಲ್ಲಿ ಆ ಚುನಾವಣೆಯಲ್ಲಿ ಮಾರುಕಟ್ಟೆಯ ಮತಗಳನ್ನು ಕಳೆದುಕೊಂಡ, ಉಳಿದ ಬೀದಿಗಳ ಮತದಿಂದ ಗೆದ್ದ. ಅವನ ಬಾಕಿ ಒಂಬತ್ತು ಸಭೆಗಳಿಗೆ ಬಸ್‌ಸ್ಟ್ಯಾಂಡಿನವನು ಮೈಕ್ ಕಟ್ಟಿದ. ನನಗೆ ಆ ಒಂಬತ್ತು ಸಭೆಯ ಕೆಲಸ ಹೋಯಿತು. ಮಾರುಕಟ್ಟೆಯ ಶೌಚಾಲಯವನ್ನು ಯಾರೂ ರಿಪೇರಿ ಮಾಡಿಸಿಲ್ಲ. ತಂಗಿಯ ಆರಡಿ ಜಾಗ ರಸ್ತೆಯ ಮಟ್ಟದಲ್ಲೇ ಉಳಿಯಿತು.