ಗುರುವಾರದ ಕಸ

"ನಾನು ಕ್ಯಾಲೆಂಡರ್ ಅಂದ್ಕೊಂಡೆ ಕಣೇ! ನಮ್ಮ ದಾವಣಗೆರೇಲಿ ಬಟ್ಟೆ ಅಂಗಡಿಯೋರು ಯುಗಾದಿಗೆ ಕೊಡ್ತಾರಲ್ಲ, ಹಂಗೇ ಇತ್ತು. ಮೇಲೊಂದು ಕ್ಲಿಪ್ಪು, ಹಿಂದೊಂದು ದಾರ. ಹೊಸದಾಗಿ ಬಂದಿರೋಳು ಅಂತ ಪ್ರೀತಿಯಿಂದ ಕೊಟ್ಟಿದಾರೆ ಅಂತ ಗೋಡೆಗೆ ತಗುಲಿ ಹಾಕ್ಬಿಟ್ಟೆ!"

ತುಳಸಿ ಈ ಕತೆ ಹೇಳುತ್ತಿದ್ದುದು ಎಷ್ಟನೆಯ ಸಲವೋ. ಆಸ್ಟಿನ್ ಬಿಟ್ಟು ಎರಡು ಗಂಟೆಯಾಗಿತ್ತು, ಕಾರು ಹ್ಯೂಸ್ಟನ್ನಿನ ಕಡೆಗೆ ಓಡುತ್ತಿತ್ತು. ಪಕ್ಕದ ಸೀಟಿನಲ್ಲಿದ್ದ ಮಹತಿ ನಗಬೇಕಾದ ಜಾಗದಲ್ಲಿ ಸರಿಯಾಗಿ ನಕ್ಕಳು.

ಅದು ಕ್ಯಾಲೆಂಡರ್ ಆಗಿರಲಿಲ್ಲ, ಓಣಿಯ ಸುತ್ತೋಲೆಯ ಹಲಗೆಯಾಗಿತ್ತು. ತುಳಸಿ ಬೇಸಿಗೆಯ ಮೂರು ತಿಂಗಳು ಕಳೆದ ಒಸಾಕಾದ ಆ ಓಣಿಯಲ್ಲಿ ಊರ ಸುದ್ದಿಯೆಲ್ಲ ಹಾಗೆಯೇ ತಿರುಗುತ್ತದೆ. ಹಲಗೆಗೆ ಸಿಕ್ಕಿಸಿದ ಕಾಗದವನ್ನು ಒಬ್ಬರು ಓದಿ, ತಮ್ಮ ಹೆಸರಿನ ಮುದ್ರೆ ಒತ್ತಿ, ಪಕ್ಕದ ಮನೆಯ ಬಾಗಿಲಿಗೆ ತೂಗುಹಾಕಬೇಕು. ತುಳಸಿಯ ಗೋಡೆಯ ಮೇಲೆ ಅದು ನಾಲ್ಕು ದಿನ ವಿಶ್ರಾಂತಿ ಪಡೆಯಿತು. ಅವಳ ಮುಂದಿನ ಹನ್ನೊಂದು ಮನೆಗಳಿಗೆ ನೀರು ನಿಲ್ಲುವ ಸುದ್ದಿ ಮುಟ್ಟಲಿಲ್ಲ. ಕೊನೆಯ ಮನೆಯ ಮುದುಕಪ್ಪ ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೆ ನಲ್ಲಿ ಒಣಗಿತು.

"ಆವತ್ತು ನೀನು ಆ ಕ್ಷಮಾಪಣೆ ಪತ್ರ ಬರೆದು ಕಳಿಸ್ದೆ ನೋಡು, ನಾನು ಒಂದೊಂದೇ ಅಕ್ಷರ ರಂಗೋಲಿ ಥರ ನೋಡ್ಕೊಂಡು ಬರೆದು ಕೊಟ್ಟೆ. ಮುದುಕಪ್ಪ ಅಳೋದೊಂದು ಬಾಕಿ! ನೀನಿಲ್ದಿದ್ರೆ ನನ್ನನ್ನ ಓಣಿಯಿಂದ ಓಡಿಸ್ತಿದ್ರು."

ಮಹತಿ ಕಿಟಕಿಯತ್ತ ತಿರುಗಿದಳು. ಕಡಲೆ ತುಳಸಿಗೆ, ಹಲ್ಲು ತನಗೆ. ಗಾದೆಯನ್ನು ದೇವರು ಇಷ್ಟು ಅಚ್ಚುಕಟ್ಟಾಗಿ ಇಬ್ಬರು ರೂಮ್‌ಮೇಟುಗಳಿಗೆ ಹಂಚಿದ್ದನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಮೈಸೂರಿನಲ್ಲಿ ಡಿಗ್ರಿ ಓದುವಾಗಿನಿಂದ ಮೂರು ವರ್ಷ ಜಪಾನಿ ಭಾಷೆ ಕಲಿತವಳು ಮಹತಿ. ಆಸ್ಟಿನ್ನಿನಲ್ಲಿ ಅವರ ವಿಭಾಗಕ್ಕೆ ಒಸಾಕಾದ ಒಂದು ವಿನ್ಯಾಸ ಕಚೇರಿಯ ಬೇಸಿಗೆ ಕೆಲಸ ಬಂದಾಗ, ಇದ್ದ ಒಂದು ಸೀಟು ಅವಳದೇ ಎಂದು ಎಲ್ಲರೂ ಅಂದುಕೊಂಡಿದ್ದರು. ವಿಡಿಯೊ ಸಂದರ್ಶನದಲ್ಲಿ ಪರದೆಯ ಮೇಲಿದ್ದ ಮೂವರು ಜಪಾನಿಯರು "ನಿಮ್ಮ ಪರಿಚಯ ಹೇಳಿ" ಎಂದರು. ಅವಳ ಬಾಯಿ ತೆರೆಯಲಿಲ್ಲ. ವಾಕ್ಯಗಳೆಲ್ಲ ತಲೆಯೊಳಗೆ ಇಸ್ತ್ರಿ ಮಾಡಿಟ್ಟ ಬಟ್ಟೆಯಂತೆ ಮಡಚಿಕೊಂಡೇ ಕುಳಿತವು. ಮುಂದಿನ ಸರದಿ ತುಳಸಿಯದು. ಬೆಳಿಗ್ಗೆಯಷ್ಟೇ ಮಹತಿಯಿಂದ ಕಲಿತಿದ್ದ ಮೂರು ಪದಗಳನ್ನು ಮೂರನ್ನೂ ತಪ್ಪಾಗಿ ಹೇಳಿ, ತಾನೇ ನಕ್ಕು, ಅವರನ್ನೂ ನಗಿಸಿ ಸೀಟು ಹಿಡಿದಳು.

ಆಮೇಲೆ ಬೇಸಿಗೆಯುದ್ದಕ್ಕೂ ಆಸ್ಟಿನ್ನಿನ ಸಂಜೆ ಆರಕ್ಕೆ ಮಹತಿಯ ಫೋನು ಮಿಡಿಯುತ್ತಿತ್ತು. ಅಲ್ಲಿ ಆಗ ಮರುದಿನದ ಬೆಳಿಗ್ಗೆ ಎಂಟು. ಇದು ಯಾವ ಬೋರ್ಡು? ಈ ಬಟನ್ ಒತ್ತಿದ್ರೆ ಏನಾಗುತ್ತೆ? ಸಾರ್ವಜನಿಕ ಸ್ನಾನದ ಮನೆಯಲ್ಲಿ ನಿಜವಾಗ್ಲೂ ಎಲ್ಲಾ ಬಿಚ್ಚಬೇಕಾ ಕಣೇ? ಪಕ್ಕದ ಮನೆಯ ಹಮಾದಾ-ಸಾನ್ ಬರೆದು ಕಳಿಸುವ ಚೀಟಿಗಳಂತೂ ದಿನ ಬಿಟ್ಟು ದಿನ. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಫೋನಿನ ಅನುವಾದದ ಆ್ಯಪಿಗೆ ಆ ಮುದುಕಿಯ ಕೈಬರಹದ ತಲೆಬುಡ ಗೊತ್ತಾಗುತ್ತಿರಲಿಲ್ಲ. ಮಹತಿಗೆ ಗೊತ್ತಾಗುತ್ತಿತ್ತು. ಅವಳು ಓದಿ ಹೇಳಿ, ಉತ್ತರ ಬರೆದು ಕಳಿಸುತ್ತಿದ್ದಳು. ಓಣಿಯ ತಿರುವಿನಲ್ಲಿ ತೋಫು ಅಂಗಡಿ, ಅದರಾಚೆ ಸೈಕಲ್ ರಿಪೇರಿಯವನು, ಅವನ ಬೆಕ್ಕಿಗೆ ಒಂದು ಕಿವಿ ಇಲ್ಲ, ಎಲ್ಲವೂ ಅವಳಿಗೆ ಬಾಯಿಪಾಠ. ಆ ಓಣಿಯ ವಾಸನೆ ಮಾತ್ರ ಗೊತ್ತಿರಲಿಲ್ಲ.

ಕಳೆದ ತಿಂಗಳು ಡಾಲಸ್ ಹತ್ತಿರದ ಸೌತ್‌ಲೇಕ್‌ನಲ್ಲಿ ತುಳಸಿಯ ದೂರದ ನೆಂಟರ ಮನೆಗೆ ಹೋದಾಗ ಒಸಾಕಾದ ಫೋಟೋಗಳು ದೊಡ್ಡ ಟೀವಿಯ ಮೇಲೆ ಮೂಡಿದ್ದವು. "ಪತ್ರ ಎಲ್ಲಾ ಬರೆದೋಳು ಇವಳು, ಆಂಟಿ" ಎಂದು ತುಳಸಿ ಧಾರಾಳವಾಗಿ ಮಹತಿಯ ಭುಜ ತಟ್ಟಿದಳು. ಮನೆಯ ಹಿರಿಯ ಸುಮಿತ್ರವ್ವ ಕನ್ನಡಕ ಏರಿಸಿ ನೋಡಿ, "ಹೌದೇನವಾ? ಮತ್ತ ಹೋಗಿ ಬಂದಾಕಿ ಯಾರು?" ಎಂದು ಕೇಳಿದರು.

"ಇವಳ್ರಿ," ಎಂದಳು ಮಹತಿ.

"ಹಂಗಾರ ಶಾಣ್ಯಾಕಿ ಇಕಿನ ಬಿಡು," ಎಂದು ಸುಮಿತ್ರವ್ವ ತುಳಸಿಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಎಲ್ಲರೂ ನಕ್ಕರು, ಮಹತಿಯೂ ನಕ್ಕಳು. ಆ ಹೋಳಿಗೆ ಈಗಲೂ ಅವಳ ಎದೆಯಲ್ಲಿ ಕರಗದೆ ಕೂತಿತ್ತು.

ಕಾರು ಒಂದು ದೊಡ್ಡ ಲಾರಿಯನ್ನು ಹಿಂದಿಕ್ಕಿತು. "ಇನ್ನೊಂದು ಮರೆತಿದ್ದೆ," ಎಂದಳು ತುಳಸಿ. "ಕೊನೇ ವಾರ ನೀನು ಹೇಳ್ದೆಯಲ್ಲ, ಕಸದ ದಿನ ಬುಧವಾರದಿಂದ ಗುರುವಾರಕ್ಕೆ ಚೇಂಜ್ ಆಗಿದೆ ಅಂತ? ಗುರುವಾರ ಇಟ್ಟೆ. ಸಂಜೆ ಬಂದು ನೋಡಿದ್ರೆ ಚೀಲ ನನ್ನ ಬಾಗಿಲಲ್ಲೇ ವಾಪಸ್ ಕೂತಿದೆ, ನೀಟಾಗಿ ಇನ್ನೊಂದು ಗಂಟು ಹಾಕ್ಕೊಂಡು! ಮತ್ತೆ ದಿನ ಬದಲಾಯಿಸಿದ್ರೋ ಏನೋ."

"ಇರಬಹುದು," ಎಂದಳು ಮಹತಿ.

ಕಸದ ದಿನ ಬದಲಾಗಿಯೇ ಇರಲಿಲ್ಲ.

ಆ ಕೊನೆಯ ವಾರದ ಸಂಜೆ ಮಹತಿಗೆ ಮೊದಲು ಬಂದದ್ದು ಒಂದು ಫೋಟೋ. ಹಮಾದಾ-ಸಾನ್ ಅವರ ಜಗಲಿಯ ಮೇಲೆ ತುಳಸಿ, ಅವರದೇ ನೀಲಿ ಹತ್ತಿಯ ಕಿಮೋನೊ ಉಟ್ಟು ಕಲ್ಲಂಗಡಿ ತಿನ್ನುತ್ತಿದ್ದಳು. ಕೆಳಗೆ ಎರಡೇ ಪದ: 'ನನ್ನ ಓಣಿ'. ಅದನ್ನು ನೋಡುತ್ತಿದ್ದಂತೆ ಹಮಾದಾ-ಸಾನ್ ಅವರ ಚೀಟಿಯ ಚಿತ್ರ ಬಂತು. ಓಣಿಯ ತುದಿಯಲ್ಲಿ ಮಕ್ಕಳನ್ನು ಕಾಯುವ ಜಿಜೋ ಎಂಬ ಪುಟ್ಟ ಕಲ್ಲುಮೂರ್ತಿ ಇದೆ, ಈ ಭಾನುವಾರ ಅದರ ಹಬ್ಬ, ಓಣಿಯವರೆಲ್ಲ ವೃತ್ತವಾಗಿ ಕುಳಿತು ಒಂದೇ ಉದ್ದನೆಯ ಜಪಮಾಲೆಯನ್ನು ಕೈಯಿಂದ ಕೈಗೆ ದಾಟಿಸುತ್ತೇವೆ, ಈ ಸಲ ನಮ್ಮ ನಡುವೆ ನಿಮಗೂ ಒಂದು ಜಾಗ ಇಟ್ಟಿದ್ದೇವೆ, ಬರಲೇಬೇಕು. ಮಹತಿ ಅರ್ಧ ಅನುವಾದ ಟೈಪ್ ಮಾಡಿದಳು. ಮೇಲೆ ಆ ಫೋಟೋ ಇನ್ನೂ ಹೊಳೆಯುತ್ತಿತ್ತು. ಟೈಪ್ ಮಾಡಿದ್ದನ್ನೆಲ್ಲ ಅಳಿಸಿ, 'ಕಸದ ದಿನ ಗುರುವಾರಕ್ಕೆ ಹೋಗಿದೆಯಂತೆ, ಅಷ್ಟೇ' ಎಂದು ಕಳಿಸಿದಳು. ಕಳಿಸಿದ ಮೇಲೆ ಒಂದು ಲೋಟ ನೀರು ಕುಡಿದಳು. ತಿದ್ದಲು ನಾಲ್ಕು ದಿನವಿತ್ತು, ತಿದ್ದಲಿಲ್ಲ.

ಮುಚ್ಚಿಹೋಯಿತು ಎಂದುಕೊಂಡಿದ್ದ ಆ ವಿಷಯ ಈಗ ಸಮುದ್ರ ದಾಟಿ ಬಂದಿತ್ತು. ಹಮಾದಾ-ಸಾನ್ ಅವರ ಮಗಳು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ, ಬಾಹ್ಯಾಕಾಶ ಕೇಂದ್ರದ ಎಂಜಿನಿಯರು. ತಾಯಿ ಮಗಳಲ್ಲಿಗೆ ಬಂದಿದ್ದರು. ಮಗಳು ಇಂಗ್ಲಿಷಿನಲ್ಲಿ ಇಮೇಲ್ ಮಾಡಿದ್ದಳು: ಅಮ್ಮ ತುಳಸಿಯನ್ನು ನೋಡಲೇಬೇಕಂತೆ, ಶನಿವಾರ ನನಗೆ ಶಿಫ್ಟ್ ಇದೆ, ಆದರೆ ಪತ್ರಗಳಲ್ಲಿ ತುಳಸಿಯ ಜಪಾನಿ ಅಷ್ಟು ಚೆನ್ನಾಗಿರುವಾಗ ನಡುವೆ ನೀನೇಕೆ ಎನ್ನುತ್ತಾರೆ ಅಮ್ಮ.

"ಸತ್ತೆ!" ಎಂದು ಇಮೇಲ್ ಓದಿ ತುಳಸಿ ಕೂಗಿದ್ದಳು. "ನನ್ನ ಜಪಾನಿ ಅಂದ್ರೆ ನೀನು. ಬಾ ನನ್ನ ಜೊತೆ."

ತಲೆನೋವು, ಅಸೈನ್‌ಮೆಂಟು, ಮುಟ್ಟು, ಮೂರೂ ನೆಪ ಹೇಳಿ ನೋಡಿದಳು ಮಹತಿ. ಯಾವುದೂ ತುಳಸಿಯ ಮುಂದೆ ನಿಲ್ಲಲಿಲ್ಲ. ಬರದಿದ್ದರೆ ಇನ್ನೂ ಅಪಾಯ. ಇನ್ಯಾರೋ ಅನುವಾದ ಮಾಡಿಯಾರು. ತಾನು ನಡುವೆ ಕುಳಿತರೆ ಮಾತು ತನ್ನ ಕೈಯಲ್ಲಾದರೂ ಇರುತ್ತದೆ. ಹಾಗೆಂದೇ ಅವಳು ಹೊರಟದ್ದು.

ಹ್ಯೂಸ್ಟನ್ನಿನ ಭಾರತೀಯ ಅಂಗಡಿಗಳ ಸಾಲು ಗಾಂಧಿ ಡಿಸ್ಟ್ರಿಕ್ಟಿನಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡರು. ಕ್ಲಿಯರ್ ಲೇಕ್ ತಲುಪುವಾಗ ಹನ್ನೆರಡು ದಾಟಿತ್ತು. ಮಗಳು ಆಗಲೇ ಕೆಲಸಕ್ಕೆ ಹೋಗಿದ್ದಳು. ಬಾಗಿಲಲ್ಲಿ ನಿಂತಿದ್ದ ಹಮಾದಾ-ಸಾನ್ ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು. ತುಳಸಿ ಅರ್ಧ ಬಗ್ಗಿ ವಂದಿಸಿ, ಉಳಿದರ್ಧ ತಡೆಯಲಾರದೆ ಅವರನ್ನು ಅಪ್ಪಿಕೊಂಡೇಬಿಟ್ಟಳು. ಮುದುಕಿ ಒಂದು ಕ್ಷಣ ಕಂಬದಂತೆ ನಿಂತು, ಆಮೇಲೆ ಅವಳ ಬೆನ್ನನ್ನು ಎರಡು ಸಲ ತಟ್ಟಿದರು. ಮಹತಿ ಲೆಕ್ಕಾಚಾರದಂತೆ ಸರಿಯಾಗಿ ಬಗ್ಗಿದಳು. ಅವರೂ ಸರಿಯಾಗಿ ಬಗ್ಗಿದರು. ಅಲ್ಲಿಗೆ ಮುಗಿಯಿತು.

ಊಟದ ಮೇಜಿನ ಮುಂದೆ ಹಮಾದಾ-ಸಾನ್ ಹೇಳಿದ್ದನ್ನು ಮಹತಿ ದಾಟಿಸುತ್ತ ಹೋದಳು. ದಾಟಿಸುವಾಗ ಸ್ವಲ್ಪ ಉದುರಿಸುತ್ತಲೂ ಹೋದಳು. "ನಿಮ್ಮ ನಗು ಕೇಳಿದರೆ ಗಂಡ ಸತ್ತ ಮೇಲೆ ಮುಚ್ಚಿದ್ದ ಕಿಟಕಿಯನ್ನು ತೆರೆಯೋಣ ಅನ್ನಿಸುತ್ತಿತ್ತು" ಎಂದು ಅವರೆಂದರೆ, ಕನ್ನಡದಲ್ಲಿ ಅದು "ನೀನು ಚೆನ್ನಾಗಿ ನಗ್ತೀಯಂತೆ" ಎಂದಾಗಿ ಹೊರಬಂತು. ತುಳಸಿ ಅಷ್ಟಕ್ಕೇ ಖುಷಿಯಾದಳು.

ಹಣ್ಣು ಹೆಚ್ಚಿಡುತ್ತ ಹಮಾದಾ-ಸಾನ್ ಚಾಕು ಕೆಳಗಿಟ್ಟರು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಮಾತಾಡಿದರು.

"ಒಂದು ಮಾತು ಕೇಳಬೇಕೆಂದೇ ಬಂದೆ. ಆ ಭಾನುವಾರ ನಿಮ್ಮ ಜಾಗ ಖಾಲಿ ಇಟ್ಟು ಕಾದೆವು. ನೀವು ಬಂದಿರಿ, ತಲೆ ಬಗ್ಗಿಸಿ ಪಕ್ಕದಿಂದ ಮನೆಯೊಳಗೆ ಹೋದಿರಿ. ಅದರ ಮುಂಚೆ, ಕಸದ ದಿನವಲ್ಲದ ಗುರುವಾರ, ಕಸವನ್ನೂ ಹೊರಗಿಟ್ಟಿದ್ದಿರಿ. ನಮ್ಮಿಂದ ನಿಮಗೆ ಬೇಸರವಾಗಿತ್ತೇ? ಓಣಿಯವರು ನನ್ನನ್ನು ಕೇಳುತ್ತಾರೆ. ನನಗೂ ತಿಳಿಯುತ್ತಿಲ್ಲ."

"ಏನಂತೆ?" ತುಳಸಿ ಹಣ್ಣು ಬಾಯಿಗಿಡುತ್ತ ಕೇಳಿದಳು.

ಟೆಕ್ಸಾಸ್ ನಿಮಗೆ ಇಷ್ಟವಾಯಿತೇ ಎಂದು ಕೇಳುತ್ತಿದ್ದಾರೆ. ಈ ವಾಕ್ಯ ಮಹತಿಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಮುದುಕಿಯ ಹೆಬ್ಬೆರಳುಗಳು ಒಂದನ್ನೊಂದು ಉಜ್ಜುತ್ತಿದ್ದವು. ನಾಲ್ಕು ತಿಂಗಳು ಇವರು ತಮ್ಮ ತಪ್ಪು ಯಾವುದೆಂದು ಹುಡುಕಿದ್ದರು, ಇಲ್ಲದ ತಪ್ಪನ್ನು.

"ಆ ಭಾನುವಾರ ಹಬ್ಬಕ್ಕೆ ನಿನಗೆ ಜಾಗ ಇಟ್ಕೊಂಡು ಕಾದ್ರಂತೆ," ಎಂದಳು ಮಹತಿ. "ನೀನು ಯಾಕೆ ಹಾಗೇ ಹೋಗ್ಬಿಟ್ಟೆ ಅಂತ ಕೇಳ್ತಿದಾರೆ."

"ಯಾವ ಹಬ್ಬ? ಆ ಪೇಪರ್ ದೀಪ ಎಲ್ಲಾ ಹಾಕಿದ್ರಲ್ಲ, ಅದಾ? ಪ್ರೈವೇಟ್ ಫಂಕ್ಷನ್ ಅಂದ್ಕೊಂಡು ಸುಮ್ನೆ ಒಳಗೆ ಹೋದೆ. ಯಾರೂ ಕರೀಲೇ ಇಲ್ವಲ್ಲ ನನ್ನ!"

"ಕರೆದಿದ್ರು. ಚೀಟೀಲಿ."

"ಯಾವ ಚೀಟಿ? ಕೊನೇದು ಬಂದಿದ್ದು ಕಸದ್ದು…" ತುಳಸಿಯ ಕೈ ನಿಂತಿತು. ಆಮೇಲೆ, ಗೆಳತಿಗೆ ತಾನೇ ದಾರಿ ತೋರಿಸುವವಳಂತೆ ಕೇಳಿದಳು: "ತಪ್ಪಾಗಿ ಓದ್ಬಿಟ್ಟಿದ್ಯಾ? ಅವರ ಹ್ಯಾಂಡ್‌ರೈಟಿಂಗೂ ಹಂಗೇ ಬಿಡು."

ಹೌದು ಎಂದರೆ ಸಾಕಿತ್ತು.

"ಇಲ್ಲ," ಎಂದಳು ಮಹತಿ. "ಸರಿಯಾಗೇ ಓದಿದ್ದೆ."

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಸದ್ದು ಮಾಡುತ್ತಿತ್ತು. ಹಮಾದಾ-ಸಾನ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು.

"ಯಾಕೆ?" ಎಂದಳು ತುಳಸಿ.

"ಹೊಟ್ಟೆಕಿಚ್ಚು. 'ನನ್ನ ಓಣಿ' ಅಂತ ಬರೆದಿದ್ದೆ ನೀನು. ನೋಡೋಕಾಗಲಿಲ್ಲ."

ತುಳಸಿ ಬೈಯುತ್ತಾಳೆಂದು ಮಹತಿ ಕಾದಳು. ತುಳಸಿ ಬೈಯಲಿಲ್ಲ, ಟಿಶ್ಯೂ ತೆಗೆದುಕೊಂಡು ಬೆರಳು ಒರೆಸಿಕೊಂಡಳು. "ಅವರಿಗೆ ಹೇಳು," ಎಂದಳು. "ಪಾಪ, ಕಾಯ್ತಿದಾರೆ."

ಮಹತಿ ಹೇಳಿದಳು. ಮೂರು ವರ್ಷ ಕಲಿತ ಭಾಷೆಯಲ್ಲಿ, ಎದುರಿಗಿದ್ದ ಮನುಷ್ಯರಿಗೆ ಅವಳು ತನ್ನದೇ ಮಾತೊಂದನ್ನು ಹೇಳಿದ್ದು ಇದೇ ಮೊದಲು. ತುಳಸಿಗೆ ಆ ಚೀಟಿಯ ಸುದ್ದಿ ತಿಳಿಯದು, ಓದಿದವಳು ನಾನು, ಮುಚ್ಚಿಟ್ಟವಳು ನಾನು, ಗುರುವಾರವೂ ನನ್ನದೇ. ನಡುವೆ ಎಲ್ಲೂ ತಡವರಿಸಲಿಲ್ಲ.

ಹಮಾದಾ-ಸಾನ್ ಚಾಕುವನ್ನು ತಟ್ಟೆಯ ಬದಿಗೆ ಸರಿಸಿದರು.

"ಹಾಗಾದರೆ ಆ ಪತ್ರಗಳು?"

"ನಾನು ಬರೆದವು. ಅಕ್ಷರ ಅವಳದು."

"ಅನುಮಾನವಿತ್ತು," ಎಂದರು ಅವರು. "ಪತ್ರದಲ್ಲಿದ್ದವರು ತುಂಬ ಸಂಕೋಚದವರು. ಬಾಗಿಲಿಗೆ ಬರುತ್ತಿದ್ದವರು ಹಾಗಿರಲಿಲ್ಲ."

ಆ ಓಣಿಯಲ್ಲಿ ತನ್ನನ್ನೂ ಯಾರೋ ಗುರುತಿಸಿದ್ದರು. ಬೇಸಿಗೆಯಿಡೀ ಮಹತಿ ಬಯಸಿದ್ದು ಅಷ್ಟೇ. ಅದು ಇಂಥ ಹೊತ್ತಿನಲ್ಲಿ ಸಿಕ್ಕಿತು, ಮತ್ತು ಚೀಟಿಯ ಬಗ್ಗೆ ಹಮಾದಾ-ಸಾನ್ ಪರವಾಗಿಲ್ಲ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಕುರ್ಚಿಯನ್ನು ತುಳಸಿಯ ಕಡೆಗೆ ತುಸು ತಿರುಗಿಸಿಕೊಂಡರು.

ತುಳಸಿ ಫೋನು ತೆಗೆದು, ಅನುವಾದದ ಆ್ಯಪ್ ತೆರೆದು, ಮೇಜಿನ ನಡುವೆ ಇಟ್ಟಳು. ಮಹತಿಯತ್ತ ನೋಡದೆ ಇಂಗ್ಲಿಷಿನಲ್ಲಿ ಹೇಳಿದಳು: ಗೊತ್ತಿದ್ದರೆ ನಾನು ಓಡಿ ಬರುತ್ತಿದ್ದೆ. ಫೋನು ಜಪಾನಿಯಲ್ಲಿ, ಗೊತ್ತಾಗಿ ನಾನು ಓಡಿಹೋದೆ ಎಂದಿತು. ಮುದುಕಿಯ ಹುಬ್ಬು ಗಂಟಿಕ್ಕಿತು. ಮಹತಿ ತುಟಿ ಕಚ್ಚಿ ಕುಳಿತಳು. ತಿದ್ದುವ ಹಕ್ಕು ಈಗ ಅವಳದಾಗಿರಲಿಲ್ಲ.

ಹಮಾದಾ-ಸಾನ್ ಫೋನಿನ ಮೇಲೆ ಬಗ್ಗಿ, ಮಗುವಿಗೆ ಹೇಳುವಂತೆ ನಿಧಾನವಾಗಿ, ಉದ್ದಕ್ಕೆ ಏನೇನೋ ಹೇಳಿದರು. ಫೋನು ಒಂದಷ್ಟು ಹೊತ್ತು ಯೋಚಿಸಿ, ಓಣಿಯ ಮಕ್ಕಳು ಮುರಿದ ಬೆಳಗಿನಿಂದ ತಂಪಾಗಿದ್ದಾರೆ, ದಯವಿಟ್ಟು ಆಗಸ್ಟನ್ನು ಬದಲಾಯಿಸಿ ಎಂದು ಇಂಗ್ಲಿಷಿನಲ್ಲಿ ವರದಿ ಮಾಡಿತು. ಬೇರೆ ದಿನವಾಗಿದ್ದರೆ ತುಳಸಿ ಬಿದ್ದು ಬಿದ್ದು ನಗುತ್ತಿದ್ದಳು.

ಅವಳು ಫೋನನ್ನು ಬೋರಲಾಗಿಟ್ಟಳು. ಕಣ್ಣು ಹಣ್ಣಿನ ತಟ್ಟೆಯ ಮೇಲೆಯೇ ಇತ್ತು.

"ಏನಂದ್ರು? ಪೂರ್ತಿ ಹೇಳು."

"ನೀನು ಹೋದ ಮೇಲೆ ಓಣಿ ತಣ್ಣಗಾಗಿದೆಯಂತೆ," ಎಂದಳು ಮಹತಿ. ಈ ಸಲ ಒಂದು ಪದವನ್ನೂ ಉದುರಿಸಲಿಲ್ಲ. "ಬೆಳಿಗ್ಗೆ ಸೈಕಲ್ ಹತ್ತೋವಾಗ ಎಲ್ಲರಿಗೂ ಕೂಗಿ ನಮಸ್ಕಾರ ಹೇಳ್ತಿದ್ಯಲ್ಲ, ಅದನ್ನ ತಪ್ಪಾಗಿ ಹೇಳ್ತಿದ್ಯಂತೆ. ಈಗ ಓಣಿಯ ಮಕ್ಕಳೆಲ್ಲ ಹಾಗೇ ತಪ್ಪಾಗಿ ಹೇಳ್ತಾರಂತೆ, ಎಷ್ಟು ತಿದ್ದಿದ್ರೂ ಕೇಳಲ್ವಂತೆ. ತಿದ್ದೋದನ್ನ ಇವರೂ ಬಿಟ್ಟಿದಾರಂತೆ. ನಿನ್ನ ದನಿ ಕೇಳಿದ ಹಾಗಾಗುತ್ತಂತೆ. ಬರೋ ಆಗಸ್ಟಿಗೆ ಹಬ್ಬಕ್ಕೆ ಬರಬೇಕಂತೆ. ಜಾಗ ಇಟ್ಟಿರ್ತಾರಂತೆ."

ತುಳಸಿಯ ಕಣ್ಣು ತುಂಬಿತು. ಮೂಗು ಒರೆಸಿಕೊಂಡು, ಕೊನೆಗೆ ಮಹತಿಯತ್ತ ತಿರುಗಿದಳು.

"ಇಬ್ಬರನ್ನೂ ಕರೆದ್ರಾ?"

"ಇಲ್ಲ," ಎಂದಳು ಮಹತಿ. "ನಿನ್ನೊಬ್ಬಳನ್ನೇ."