ನಕಾಶೆಯ ಬಿಳಿ ಜಾಗ

ಆ ಹುಡುಗ ಹುಣ್ಣೆದ್ದ ನನ್ನ ಅಂಗೈ ನೋಡಲಿಲ್ಲ, ಆಧಾರ್ ಕಾರ್ಡನ್ನೇ ನೋಡಿದ. ಹೆಸರು ಕೌಶಲ್, ಉಡುಪಿ ಕಡೆಯವರ ಮಗ, ಹುಟ್ಟಿದ್ದು ಠಾಣೆಯಲ್ಲಿ. ನವಿ ಮುಂಬಯಿಯ ಈ ಆಸ್ಪತ್ರೆಯಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಯಾವ ಊರಿನವರು ಎಂದು ಬರೆದುಕೊಳ್ಳುವುದು ಅವನ ಕೆಲಸ.

"ಚಂದ್ರಬಾಯಿ. ಚರ್ಮದ ಕ್ಯಾನ್ಸರ್. ಜಿಲ್ಲೆ ಕಲಬುರಗಿ," ಎಂದು ಟೈಪ್ ಮಾಡಿದ.

"ಇಲ್ಲೇ ಮುಂಬಯಿ ಬಾಜೂಕಿನ ಡೊಂಬಿವಲಿ ಅಂತ ಬರೀರಿ. ಇಪ್ಪತ್ತೆರಡು ವರ್ಷ ಆತು, ಅಲ್ಲೇ ಇದ್ದೀನಿ."

"ಆಧಾರ್‌ನಲ್ಲಿ ಏನುಂಟೋ ಅದೇ, ಮೌಸಿ. ನಿಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ? ಅದಕ್ಕೇ ಆಗಿರ್ತದೆ."

ನನಗೆ ಮೈಯೆಲ್ಲ ಉರಿಯಿತು. ಅವನ ಹಿಂದಿನ ಗೋಡೆಯಲ್ಲಿ ಎರಡು ರಾಜ್ಯಗಳ ನಕಾಶೆ, ಈ ಕಾಯಿಲೆ ಬಂದ ಒಬ್ಬೊಬ್ಬರಿಗೂ ಒಂದು ಕೆಂಪು ಚುಕ್ಕೆ. ಕಲಬುರಗಿ, ರಾಯಚೂರಿನ ಮೇಲೆ ಐದಾರು. ಡೊಂಬಿವಲಿ ಬೆಳ್ಳಗೆ. ಆ ಐದಾರರಲ್ಲಿ ಮೂವರು ಡೊಂಬಿವಲಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಡಾಂಬರಿನ ಡ್ರಮ್ ತೊಳೆದವರು. ಅಂಬಾರಾಯ ಸತ್ತೇ ಹೋದ. ಊರಿನ ರೇಷನ್ ತಪ್ಪಬಾರದೆಂದು ನಾವ್ಯಾರೂ ಆಧಾರ್‌ನ ವಿಳಾಸ ಬದಲಿಸಿರಲಿಲ್ಲ. ನಮ್ಮ ತಲೆಯ ಮೇಲೆ ನಾವೇ ಕಲ್ಲು ಹಾಕಿಕೊಂಡಿದ್ದೆವು.

ಡೊಂಬಿವಲಿಯ ಹೆಸರಿಗೆ ಒಂದು ಚುಕ್ಕೆಯಾದರೂ ಬಿದ್ದರೆ ಕಾರ್ಖಾನೆಯ ತಪಾಸಣೆ ಮಾಡಿ ಎಂದು ಸರಕಾರಕ್ಕೆ ಬರೆಯುತ್ತೇನೆ ಎಂದು ನನ್ನನ್ನು ನೋಡುವ ಡಾಕ್ಟರ್ ಅಶ್ಮಿತಾ ಹೇಳಿದ್ದರು. ನನ್ನ ತಂಗಿ ದಾನಮ್ಮ ಈಗ ನನ್ನ ಜಾಗದಲ್ಲಿ ಅದೇ ಡ್ರಮ್ ತೊಳೆಯುತ್ತಿದ್ದಾಳೆ.

"ಬಿಸಿಲು ಬರೇ ಅಂಗೈಗಿ ಬಡೀತದೇನ್ರಿ? ನನ್ನ ಮಾರಿ ನೋಡ್ರಿ, ಏನರ ಆಗ್ಯಾದೇನು?"

"ವಾದ ಮಾಡ್ಬೇಡಿ. ಹಿಂದೆ ಲೈನ್ ಉಂಟು. ಹೆಬ್ಬೆಟ್ಟು ಇಡಿ."

ಇಟ್ಟೆ. ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ಒರೆಸಿ ಇಡಿ ಎಂದ. ಮತ್ತೆ ಕೆಂಪು. ಹತ್ತು ಬೆರಳೂ ಆಯಿತು. ಆಗ ಮೊದಲ ಸಲ ನನ್ನ ಕೈ ತಿರುಗಿಸಿ ನೋಡಿದ. ಬೆರಳ ತುದಿಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ.

"ಮ್ಯಾಚ್ ಆಗ್ತಿಲ್ಲ," ಎಂದು ಗೊಣಗಿದ. "ಆಧಾರ್ ನಡೆಯೋದಿಲ್ಲ. ಕಾಗದದ ಫಾರ್ಮ್ ತುಂಬಬೇಕು. ಈಗ ಇರುವ ವಿಳಾಸ ಹೇಳಿ."

"ಕಲಬುರ್ಗಿಯಿಂದ ತಂದ ಗೆರಿ ಎಲ್ಲಾ ಆ ಡ್ರಮ್ಮಿನಾಗೇ ಹೋಗ್ಯಾವ. ಈಗರ ಬರೀರಿ, ಡೊಂಬಿವಲಿ."

ಬರೆದ. ನನಗೆ ನಂಬಿಕೆ ಬರಲಿಲ್ಲ, ಗಟ್ಟಿಯಾಗಿ ಓದಿಸಿದೆ. ಚುಕ್ಕೆ ಅಂಟಿಸುವ ತನಕ ನಾನು ಕುರ್ಚಿ ಬಿಡಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡೇ ಎದ್ದು ಅಂಟಿಸಿದ. ಅಷ್ಟು ಬಿಳಿ ಜಾಗದಲ್ಲಿ ನನ್ನದೊಂದೇ. ನನ್ನ ಕಾಯಿಲೆಯನ್ನು ನೋಡಿ ನನಗೇ ಸಮಾಧಾನವಾಯಿತು, ಥೂ.

"ನೆಪ್ಪಿಟ್ಟುಕೋರಿ," ಎಂದೆ. "ಅದರ ಬಾಜೂಕ ನಮ್ಮ ದಾನಮ್ಮನ ಚುಕ್ಕಿ ಬಿತ್ತಂದ್ರ, ಬಂದು ಈ ನಕಾಶೀನೇ ಹರೀತೀನಿ."