ಡೆಲವೇರ್ ಕಡೆಯವರು

ಬಾಯಿಗಿಟ್ಟ ಚಟ್ನಿಯನ್ನು ಬೋಜ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಗಂಜಿಯ ಜೊತೆ ಬಡಿಸಿದ್ದು ಬರೀ ತೆಂಗಿನಕಾಯಿ ಚಟ್ನಿ, ನಾಲಗೆಗೆ ಹತ್ತಿದ್ದು ಒಣ ಸಿಗಡಿಯ ರುಚಿ. ಸುಳ್ಳು ಹೇಳಬಾರದು, ಒಳ್ಳೆಯ ರುಚಿಯೇ. ಬೇರೆ ದಿನವಾಗಿದ್ದರೆ ಬೆರಳು ನೆಕ್ಕುತ್ತಿದ್ದ. ಆದರೆ ಅವತ್ತು ಸೋಮವಾರ. ಮಗಳು ಹುಟ್ಟುವಾಗ ಹೆಂಡತಿ ದಮಯಂತಿಯ ಜೀವಕ್ಕೇ ಬಂದಿತ್ತು. ಆಗ ಹೇಳಿಕೊಂಡ ಹರಕೆಯಂತೆ ಅವನು ಸೋಮವಾರ ಮೀನು, ಮಾಂಸ ಮುಟ್ಟುವವನಲ್ಲ.

ತಪ್ಪು ಯಾರದೆಂದು ಹುಡುಕಲು ಪೊಲೀಸರು ಬೇಕಾಗಲಿಲ್ಲ. ಹೊಸದಾಗಿ ಬಂದ ಕ್ರೇನ್ ಆಪರೇಟರ್ ರಿಯಾಝ್, ಊರಿಂದ ತಂದ ಒಣ ಸಿಗಡಿಯನ್ನು ಬೆಳಿಗ್ಗೆ ಮಿಕ್ಸಿಯಲ್ಲಿ ಅರೆದು, ಜಾರು ತೊಳೆಯದೆ ಕಂಪೆನಿ ಬಸ್ಸಿಗೆ ಓಡಿದ್ದ. ಅಡುಗೆಯ ಆಸ್ವಾಲ್ಡ್ ಅದೇ ಜಾರಿಗೆ ತೆಂಗಿನಕಾಯಿ ಹಾಕಿದ್ದ. ಬೇಕೆಂದು ಮಾಡಿದ್ದಲ್ಲ. 'ತಪ್ಪಾಯ್ತು' ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರಿಯಾಝ್ ನಕ್ಕುಬಿಟ್ಟ.

"ಒಂದು ಸಿಗಡಿಗೆಲ್ಲ ದೇವರು ಕೋಪ ಮಾಡ್ಲಿಕ್ಕುಂಟಾ ಬೋಜಣ್ಣ?"

ಆ ನಗು ಕೆಲಸ ಕೆಡಿಸಿತು. ಓಮಾನಿನ ದುಕ್ಮಿನಲ್ಲಿ, ಕೆಲಸಗಾರರ ಕ್ಯಾಂಪಿನ ಆ ಬ್ಲಾಕಿನಲ್ಲಿ ಕರಾವಳಿಯವರ ಮೆಸ್ಸು ಒಂದೇ. ಒಲೆ ಒಂದು, ದೊಡ್ಡ ಪಾತ್ರೆ ಒಂದು, ಎಲ್ಲರಿಗೂ ಅದೇ ಕುಚ್ಚಲಕ್ಕಿ. ಕಲ್ಲು, ಗಾಳಿ, ಸಮುದ್ರ ಬಿಟ್ಟರೆ ಅಲ್ಲಿ ಇನ್ನೇನೂ ಇಲ್ಲದ ಕಾಲದಲ್ಲಿ ಆ ಒಲೆ ಹಚ್ಚಿದವರು ಬೋಜ ಮತ್ತು ಬಾದುಶಾ. ಆಮೇಲೆ ಜನ ಬಂದು ಸೇರಿದರು. ಬಾದುಶಾನಂಥ ಬ್ಯಾರಿ ಮುಸ್ಲಿಮರು ಹೆಚ್ಚು, ಬೋಜನಂಥ ತುಳುವರು ಕಡಿಮೆ. ವಾರದ ಅಡುಗೆ ಏನೆಂದು ಶುಕ್ರವಾರ ಕೈಯೆತ್ತಿ ತೀರ್ಮಾನಿಸುವುದು ರೂಢಿ. ಕೈಗಳು ಯಾವ ಕಡೆ ಹೆಚ್ಚು ಏಳುತ್ತಿದ್ದವೆಂದು ಬೇರೆ ಹೇಳಬೇಕಾಗಿಲ್ಲ.

ತುಳುವರ ಪೈಕಿ ಲಕ್ಷಿತನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಖಲಾಸ್, ನಮಗೆ ಬೇರೆಯೇ ಒಲೆ" ಎಂದ. ಬ್ಲಾಕಿಗೊಂದೇ ಅಡುಗೆಮನೆ ಎಂಬುದು ಕಂಪೆನಿಯ ನಿಯಮ. ಬೇರೆ ಒಲೆ ಎಂದರೆ ಕ್ಯಾಂಪಿನ ಆ ತುದಿಯ ಬ್ಲಾಕಿಗೆ ಗಂಟುಮೂಟೆ ಕಟ್ಟಬೇಕು, ಬಾದುಶಾನನ್ನು ಬಿಟ್ಟು. ಬೋಜ ಜ್ವರದಲ್ಲಿ ಮಲಗಿದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವನು ಬಾದುಶಾ. ಅವನನ್ನು ಬಿಟ್ಟು ಉಣ್ಣುವುದನ್ನು ನೆನೆದರೆ ಬೋಜನಿಗೆ ಹಸಿವೇ ಸತ್ತುಹೋಗುತ್ತಿತ್ತು. ಆದರೂ ರಿಯಾಝನ ನಗು ಕಿವಿಯಿಂದ ಹೋಗಲೊಲ್ಲದು. ಶುಕ್ರವಾರ ಕೂತು ಇತ್ಯರ್ಥ ಮಾಡುವುದೆಂದಾಯಿತು.

ಆ ವಾರವೇ ಮಗಳು ಯಶ್ಮಿತಾ ಓಮಾನಿನದೇ ಸಹಮ್ ಊರಿನಿಂದ ದಿನಾ ಸಂಜೆ ಫೋನಿನಲ್ಲಿ ಅಮೆರಿಕ ಕಟ್ಟುತ್ತಿದ್ದಳು. ಸಹಮ್‌ನಲ್ಲಿ ದಮಯಂತಿಗೆ ಕ್ಲಿನಿಕ್ಕಿನ ಕೆಲಸ, ಮಗಳಿಗೆ ಶಾಲೆ. ಶಾಲೆಯಲ್ಲಿ ಅಮೆರಿಕದ ಸಂವಿಧಾನ ಬರೆದ ಫಿಲಡೆಲ್ಫಿಯಾದ ಸಭೆಯನ್ನು ಮಕ್ಕಳು ಆಡಿ ತೋರಿಸಬೇಕಿತ್ತು. ಒಬ್ಬೊಬ್ಬರು ಒಂದೊಂದು ರಾಜ್ಯದ ಪ್ರತಿನಿಧಿ. ಇವಳ ಪಾಲಿಗೆ ಬಂದದ್ದು ಡೆಲವೇರ್.

"ಇಟ್ಸ್ ಸೋ ಟೈನಿ, ಪಪ್ಪಾ" ಎಂದು ಮೂಗೆಳೆದಳು.

ಬೋಜ ಸುಮ್ಮನೆ ಹೂಂಗುಟ್ಟಲು ಶುರುಮಾಡಿದವನು ಮೆಲ್ಲಗೆ ಕಿವಿ ನೆಟ್ಟಗೆ ಮಾಡಿದ. ಹಡಗಿನಲ್ಲಿ ಬಂದಿಳಿದ ಜನ, ಮೊದಲ ಚಳಿಗಾಲದಲ್ಲೇ ಅರ್ಧಕ್ಕರ್ಧ ಸತ್ತರಂತೆ. ಉಳಿದವರ ಮಕ್ಕಳು ಮರಿಮಕ್ಕಳು ಸೇರಿ ರಾಜನನ್ನೇ ಓಡಿಸಿದರು. ಓಡಿಸಿದ ಮೇಲೆ ತಮ್ಮತಮ್ಮಲ್ಲೇ ಎತ್ತು ಏರಿಗೆ, ಕೋಣ ನೀರಿಗೆ. ದೊಡ್ಡ ರಾಜ್ಯಗಳು ತಲೆ ಎಣಿಸಿ ಎಂದವು. ತಲೆ ಎಣಿಸಿದರೆ ನಮ್ಮನ್ನು ಕೇಳುವವರು ಯಾರು, ರಾಜ್ಯಕ್ಕೊಂದು ಮತ ಇರಲಿ ಎಂದು ಡೆಲವೇರಿನಂಥವು ಹಟ ಹಿಡಿದವು. ಗುಟ್ಟು ಹೊರಗೆ ಹೋಗಬಾರದೆಂದು ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ತಿಂಗಳುಗಟ್ಟಲೆ ವಾದಿಸಿದರಂತೆ.

"ಎಸಿ ಇಲ್ಲದೆಯಾ?" ಎಂದು ಬೋಜ ಕೇಳಿದ. ಎಸಿ ಕೈಕೊಟ್ಟಾಗ ಪೋರ್ಟಾ ಕ್ಯಾಬಿನ್ನಿನೊಳಗೆ ಮನುಷ್ಯನ ಬುದ್ಧಿ ಎಲ್ಲಿಗೆ ಹೋಗುತ್ತದೆಂದು ಬಲ್ಲವನು ಅವನು. ಆ ಸೆಕೆಯಲ್ಲಿ ಎದ್ದು ಹೋಗದೆ ಕೂತರಲ್ಲ, ಅದಕ್ಕೇ ಕೈಮುಗಿಯಬೇಕು ಎನಿಸಿತು. ಕೊನೆಗೆ ಒಂದು ಸಭೆಯಲ್ಲಿ ತಲೆ ಎಣಿಕೆ, ಇನ್ನೊಂದರಲ್ಲಿ ಎಲ್ಲ ರಾಜ್ಯಗಳೂ ಸಮ ಎಂದು ಒಪ್ಪಿದರಂತೆ. ಮುಂದೆ ತಪ್ಪು ಕಂಡರೆ ತಿದ್ದಲು ದಾರಿಯನ್ನೂ ಬರೆದಿಟ್ಟರಂತೆ.

"ಅಮೆಂಡ್‌ಮೆಂಟ್, ಪಪ್ಪಾ. ದೇ ನ್ಯೂ ದೇ ಕುಡ್ ಬಿ ರಾಂಗ್."

ಬೋಜನಿಗೆ ಇದು ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ರಾಜನನ್ನು ಸೋಲಿಸಿ ಬಂದವರು, ಮೀಸೆ ತಿರುವಿಕೊಂಡು ಕೂರಬಹುದಿತ್ತು. ನಾವೂ ತಪ್ಪಿರಬಹುದು ಎಂದು ಬರೆದಿಟ್ಟರಲ್ಲ! ಇಷ್ಟು ವರ್ಷದಲ್ಲಿ ಅವನು ದಮಯಂತಿಯ ಎದುರು ಕೂಡ ಒಮ್ಮೆಯೂ ಆಡದ ಮಾತು ಅದು. ಆ ಸಭೆಯ ಕೋಣೆಯೊಳಗೆ ಯಾರ್ಯಾರು ಇರಲಿಲ್ಲ ಎಂಬುದನ್ನೂ ಬರೆಯಲು ಟೀಚರ್ ಹೇಳಿದ್ದಾರೆ ಎಂದು ಮಗಳು ಮುಂದುವರಿಸಿದಳು: ಗುಲಾಮರು, ಆ ನೆಲದ ಮೂಲದ ಜನ, ಹೆಂಗಸರು. ಬೋಜನ ತಲೆ ಆಗಲೇ ಒಲೆಯ ಹತ್ತಿರ ಹೋಗಿತ್ತು. ಹೌದು ಹೌದು ಎಂದು ಫೋನಿಟ್ಟ.

ಶುಕ್ರವಾರ ಜುಮ್ಮಾ ಮುಗಿಸಿ ಬಂದವರೆಲ್ಲ ಮೆಸ್ಸಿನಲ್ಲಿ ಕೂತರು. ಹೊರಗೆ ದುಕ್ಮಿನ ಗಾಳಿ ಮರಳು ಹೊತ್ತು ಬೀಸುತ್ತಿತ್ತು, ಕಿಟಕಿ ತೆರೆಯುವಂತಿಲ್ಲ. ಎಸಿ ಬೆಳಿಗ್ಗೆಯೇ ಕೆಟ್ಟಿತ್ತು. ಬೋಜ ಒಳಗೊಳಗೇ ನಕ್ಕ. ಆಮೇಲೆ ಎದ್ದು ನಿಂತು, ಅಮೆರಿಕದ ಹೆಸರೆತ್ತದೆ, ಯೋಚಿಸಿಟ್ಟದ್ದನ್ನು ಹೇಳಿದ.

"ಎಂತ ಬೇಯಿಸ್ಬೇಕು ಅನ್ಲಿಕ್ಕೆ ತಲೆ ಎಣಿಸುವ. ಎಂತ ಬೇಯಿಸ್ಬಾರ್ದು ಅನ್ಲಿಕ್ಕೆ ಕಡೆ ಎಣಿಸುವ. ನಿಮ್ಮ ಕಡೆಗೊಂದು, ನಮ್ಮ ಕಡೆಗೊಂದು. ಒಂದು ಕಡೆ ಬೇಡ ಅಂದ್ರೆ ಅದು ಆ ಪಾತ್ರೆಗೆ ಬೇಡ."

ಸೋಮವಾರ ಪಾತ್ರೆಗೂ ಮಿಕ್ಸಿಗೂ ಮೀನು, ಮಾಂಸ ಬೇಡ ಎಂದ; ಬದಲಿಗೆ ಹಲಾಲ್ ಅಲ್ಲದ ಮಾಂಸವನ್ನು ತಮ್ಮವರು ಯಾವತ್ತೂ ಒಳಗೆ ತರುವುದಿಲ್ಲ ಎಂದ. ಹೋದ ತಿಂಗಳು ಲಕ್ಷಿತ ಎಲ್ಲಿಂದಲೋ ತಂದ ಕೋಳಿಯ ಬಗ್ಗೆ ಎಲ್ಲರಿಗೂ ಗೊತ್ತಿತ್ತು. ಲಕ್ಷಿತ ನೆಲ ನೋಡಿದ.

"ನಾವು ಜಾಸ್ತಿ ಜನ. ನಾವ್ಯಾಕೆ ಬಿಟ್ಟುಕೊಡ್ಬೇಕು?" ಎಂದು ರಿಯಾಝ್ ಕೇಳಿದ.

ಬಾದುಶಾ ಟೊಪ್ಪಿ ತೆಗೆದು ತಲೆಯ ಬೆವರು ಒರೆಸಿಕೊಂಡು, "ಜಾಸ್ತಿ ಇದ್ದವ ಬಿಟ್ರೆ ಮಾತ್ರ ಅದು ಬಿಟ್ಟದ್ದು, ಮೋನೆ" ಎಂದ. "ಕಡಿಮೆ ಇದ್ದವನ ಹತ್ರ ಬಿಡ್ಲಿಕ್ಕೆ ಎಂತ ಉಂಟು?"

ಬಾದುಶಾ ತಾನೇ ಮೊದಲು ಕೈಯೆತ್ತಿದ. ಒಂದೊಂದಾಗಿ ಉಳಿದ ಕೈಗಳೂ ಎದ್ದವು. ಕಟ್ಟಕಡೆಗೆ ರಿಯಾಝನದು, ಅರ್ಧ. ಬೋಜನಿಗೆ ಕಣ್ಣು ತುಂಬಿತು. ಇತಿಹಾಸದಲ್ಲಿ ಯಾರ ಹೆಸರಿದ್ದರೂ ಇರಲಿ, ಅವನ ಲೆಕ್ಕದಲ್ಲಿ ಆ ಹೊತ್ತಿಗೆ ಬಾದುಶಾನಿಗಿಂತ ದೊಡ್ಡವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಆಸ್ವಾಲ್ಡ್ ಚಹಾ ತಂದ. ಇನ್ನು ಹೀಗೆ, ಸೋಮವಾರ ಹಾಗೆ ಎಂದು ಬೋಜ ಉತ್ಸಾಹದಿಂದ ಅವನಿಗೆ ತಿಳಿಸಿದ.

"ಆಯ್ತು" ಎಂದ ಆಸ್ವಾಲ್ಡ್. "ಹೇಳಿದ್ದು ಮಾಡ್ತೇನೆ."

ಖಾಲಿ ತಟ್ಟೆ ಹಿಡಿದು ಅವನು ಅಡುಗೆಮನೆಗೆ ತಿರುಗಿದ. ಬೋಜ ಚಹಾದ ಲೋಟ ಬಾಯಿಗೆ ತಂದವನು ಹಾಗೆಯೇ ನಿಂತ. ಫಿಲಡೆಲ್ಫಿಯಾದ ಆ ಕೋಣೆಯೊಳಗೆ ಯಾರ್ಯಾರು ಇರಲಿಲ್ಲ ಎಂದು ಮಗಳು ಹೇಳಿದ್ದು ಈಗ ಕೇಳಿಸಿತು.

"ಪೊರ್ಬುಗಳೇ, ನಿಲ್ಲಿ" ಎಂದು, ಊರಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆ, ಆಸ್ವಾಲ್ಡನನ್ನು ಕರೆದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಒಂದು ತಿದ್ದುಪಡಿ ಉಂಟು" ಎಂದ.

"ಈಗಷ್ಟೇ ಮುಗಿದದ್ದಲ್ವಾ ಮಾರಾಯ?" ಎಂದ ಬಾದುಶಾ.

"ಹೌದು ಬಾದುಶಾಕ. ಈಗಷ್ಟೇ ತಪ್ಪಿದ್ದು ಕೂಡ." ಬೋಜ ಆಸ್ವಾಲ್ಡನ ಕಡೆ ತಿರುಗಿದ. "ಒಲೆ ಎದುರು ನಿಲ್ಲುವವರು ನೀವು. ನಿಮ್ಮನ್ನು ಕೇಳ್ಲೇ ಇಲ್ಲ. ನಿಮ್ಮದೂ ಒಂದು ಕಡೆ. ನಿಮಗೆ ಎಂತ ಬೇಕು, ಹೇಳಿ."

ಆಸ್ವಾಲ್ಡ್ ತಮಾಷೆಯೆಂದೇ ತಿಳಿದ. ಯಾರೂ ನಗದ್ದನ್ನು ಕಂಡು ಹೆಗಲ ಬಟ್ಟೆಗೆ ಕೈ ಒರೆಸಿದ, ಮತ್ತೊಮ್ಮೆ ಒರೆಸಿದ.

"ಒಂದು ಸಲ ಎಲ್ಲರ ಒಟ್ಟಿಗೆ ಕೂತು ಬಿಸಿ ಊಟ ಮಾಡ್ಬೇಕು ಅಂತ ಉಂಟು" ಎಂದ.

ಇಷ್ಟು ವರ್ಷ ಅವನು ಎಲ್ಲಿ, ಯಾವಾಗ ಉಣ್ಣುತ್ತಿದ್ದನೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೋಜನಿಗೂ ಇಲ್ಲ, ಬಾದುಶಾನಿಗೂ ಇಲ್ಲ. ಈ ಸಲ ಯಾರೂ ತಲೆ ಎಣಿಸಲಿಲ್ಲ.

ಮುಂದಿನ ಶುಕ್ರವಾರ ಬಾದುಶಾ ಮೀನು ಸಾರು ಮಾಡಿದ. ಬೋಜ ಎರೆದ ನೀರುದೋಸೆಗಳು ಹರಿದು ಓಮಾನಿನ ನಕ್ಷೆಯಾದವು. ರಿಯಾಝ್ ಸಿಂಕಿನ ಹತ್ತಿರ ನಿಂತು, ಯಾರೂ ಹೇಳದಿದ್ದರೂ, ಮಿಕ್ಸಿ ಜಾರನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನಲ್ಲಿ ಕೂತ ಆಸ್ವಾಲ್ಡ್, ಕಾವಲಿ ಚುರ್ರೆಂದಾಗಲೆಲ್ಲ ಅರ್ಧ ಏಳುತ್ತಿದ್ದ. ಪಕ್ಕದಲ್ಲಿದ್ದವರು ಭುಜ ಹಿಡಿದು ಕೂರಿಸುತ್ತಿದ್ದರು. ಬಿಸಿ ದೋಸೆ ತಟ್ಟೆಗೆ ಬಿದ್ದರೂ ಅವನು ಕೈ ಹಾಕಲಿಲ್ಲ.

"ನೀವು ಕೂತ್ಕೊಳ್ಳುದಿಲ್ವಾ?" ಎಂದ.

ಬೋಜ ಒಲೆ ಆರಿಸಿ ಬಂದ. ಬೆಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ಆದರೂ ಆಸ್ವಾಲ್ಡ್ ತಟ್ಟೆಯನ್ನು ಎಳೆದುಕೊಂಡು ಸ್ವಲ್ಪ ಸರಿದು ಕೂತ.